ಗುಪ್ತಚರ ಇಲಾಖೆಗೆ ಹೊರಟ ಹುಡುಗ ಏನು ಓದಬೇಕು?

ಇವತ್ತು ಬ್ರೇಕಿಂಗ್ ನ್ಯೂಸ್ ಇಲ್ಲ, ಡಿಬೇಟ್ ಇಲ್ಲ, ನಾಲ್ಕು ಕಿಟಕಿಯಲ್ಲಿ ನಾಲ್ಕು ಜನ ಕೂಗಾಡುವುದೂ ಇಲ್ಲ. ಒಂದು ವಾಟ್ಸಾಪ್ ಮೆಸೇಜ್ ಬಂದಿತ್ತು. ಅದಕ್ಕೆ ಉತ್ತರ ಕೊಡಬೇಕು.

ಮೆಸೇಜ್ ಕಳಿಸಿದವನು ಸವದತ್ತಿ ತಾಲ್ಲೂಕಿನ ಒಬ್ಬ ಹುಡುಗ. ಅವನ ಹೆಸರು ಹೇಳುವುದಿಲ್ಲ, ಯಾಕೆಂದು ನಿಮಗೇ ಗೊತ್ತಾಗುತ್ತದೆ. ‘ಅಣ್ಣಾರ, ಐಬಿ ಪರೀಕ್ಷೆ ಬರದೇನ್ರಿ. ಕೋಚಿಂಗ್ ಸೆಂಟರ್‌ದವರು ಜಿಕೆ ಪುಸ್ತಕ ಕೊಡ್ತಾರ, ಕರೆಂಟ್ ಅಫೇರ್ಸ್ ಕೊಡ್ತಾರ. ಅದು ಪಾಸಾಗಾಕ ಆತು. ಪಾಸಾದ ಮ್ಯಾಲ ಕೆಲಸ ಮಾಡಾಕ ಏನ್ ಓದಬೇಕ್ರಿ?’

ನಾನು ಎಷ್ಟೋ ಮಂತ್ರಿಗಳ ಸಂದರ್ಶನ ಮಾಡಿದ್ದೇನೆ. ಇಷ್ಟು ಸರಿಯಾದ ಪ್ರಶ್ನೆ ಕೇಳುವವರು ಸಿಗುವುದು ಕಡಿಮೆ.

ಮೊದಲಿಗೆ ಒಂದು ವಿಷಯ. ಗುಪ್ತಚರ ಅಂದಕೂಡಲೇ ನಮ್ಮ ತಲೆಗೆ ಬರುವುದು ಸಿನಿಮಾ. ಕಪ್ಪು ಕನ್ನಡಕ, ಪಿಸ್ತೂಲು, ದುಬೈ. ಆ ಕೆಲಸದ ಬಹುಪಾಲು ನಡೆಯುವುದು ಟೇಬಲ್ಲಿನ ಮೇಲೆ. ಒಬ್ಬ ಸುದ್ದಿ ತರುತ್ತಾನೆ. ಇನ್ನೊಬ್ಬ ಆ ಸುದ್ದಿಯನ್ನು ಬೇರೆ ಹತ್ತು ಸುದ್ದಿಗಳ ಪಕ್ಕ ಇಟ್ಟು, ‘ಇದರ ಅರ್ಥ ಏನು, ನಾಳೆ ಏನಾದೀತು’ ಅಂತ ಬರೆದು ಮೇಲಿನವರಿಗೆ ಕಳಿಸುತ್ತಾನೆ. ಈ ಎರಡನೆಯವನನ್ನೇ ಅನಾಲಿಸ್ಟ್, ವಿಶ್ಲೇಷಕ ಅನ್ನುತ್ತಾರೆ. ನಾವು ಚಾನೆಲ್‌ನವರು ಬಾಂಬ್ ಬಿದ್ದ ದಿನ ‘ಇಂಟೆಲಿಜೆನ್ಸ್ ಫೇಲ್ಯೂರ್’ ಅಂತ ದೊಡ್ಡ ಅಕ್ಷರದಲ್ಲಿ ಹಾಕುತ್ತೀವಲ್ಲ, ಆಗ ಬಹಳ ಸಲ ಸುದ್ದಿ ಬಂದಿರುತ್ತದೆ. ಅದನ್ನು ಓದಬೇಕಾದವರು ಓದಿರುವುದಿಲ್ಲ. ಅಥವಾ ಓದಿ ಪಕ್ಕಕ್ಕೆ ಇಟ್ಟಿರುತ್ತಾರೆ.

ತಮ್ಮಾ, ನಿನಗೆ ನಾನು ಮೊದಲು ಅಮೆರಿಕದ ಪುಸ್ತಕ ಹೇಳುವುದಿಲ್ಲ. ನಿನ್ನ ಊರಿನಿಂದ ಬೈಕ್ ಹತ್ತಿದರೆ ಮಧ್ಯಾಹ್ನದ ಊಟದೊಳಗೆ ಮುಟ್ಟುವ ಎರಡು ಜಾಗ ಹೇಳುತ್ತೇನೆ. ಒಂದು ಕಿತ್ತೂರು. ಇನ್ನೊಂದು ರಾಮದುರ್ಗ ತಾಲ್ಲೂಕಿನ ಸುರೇಬಾನ.

ಕಿತ್ತೂರಿನ ಕಥೆ ನಮಗೆಲ್ಲ ಬಾಯಿಪಾಠ. ಪ್ರತಿ ಅಕ್ಟೋಬರ್‌ನಲ್ಲಿ ಉತ್ಸವ ಮಾಡುತ್ತೇವೆ, ಚೆನ್ನಮ್ಮನಿಗೆ ಜೈ ಅನ್ನುತ್ತೇವೆ. ಅನ್ನಲೇಬೇಕು. ಆದರೆ ನೀನು ಹೋಗುತ್ತಿರುವ ಕೆಲಸಕ್ಕೆ ಅದೇ ಕಥೆಯನ್ನು ಒಂದು ಸಲ ಎದುರು ಪಕ್ಷದ ಕುರ್ಚಿಯಲ್ಲಿ ಕೂತು ಓದು. ಧಾರವಾಡದ ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ. ಇಂಗ್ಲಿಷ್ ಕಾದಂಬರಿಕಾರ ಥ್ಯಾಕರೆ ಇದ್ದಾನಲ್ಲ, ಅವನ ಚಿಕ್ಕಪ್ಪ. ಕಿತ್ತೂರು ಇವನಿಗೆ ಗೊತ್ತಿಲ್ಲದ ಸಂಸ್ಥಾನವೇನಲ್ಲ. 1818ರಲ್ಲಿ ಪೇಶ್ವೆಯ ವಿರುದ್ಧ ಇಂಗ್ಲಿಷರು ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿದಾಗ ನೆರವಿಗೆ ನಿಂತಿದ್ದೇ ಕಿತ್ತೂರಿನ ಶಿವಲಿಂಗರುದ್ರಸರ್ಜ ದೇಸಾಯಿ. 1824ರ ಸೆಪ್ಟೆಂಬರ್‌ನಲ್ಲಿ ಆ ದೇಸಾಯಿ ಮಕ್ಕಳಿಲ್ಲದೆ ತೀರಿಕೊಂಡರು. ದತ್ತಕ ತಗೊಂಡಿದ್ದೇವೆ ಅಂತ ಅರಮನೆ ಕಾಗದ ತೋರಿಸಿತು. ಥ್ಯಾಕರೆಗೆ ಅದರ ಮೇಲಿನ ರುಜುವಿನ ಬಗ್ಗೆ ಅನುಮಾನ ಬಂತು.

ಅವನು ತಪ್ಪಿದ್ದು ಇಲ್ಲಿ ಅಂತ ನನ್ನ ಲೆಕ್ಕ. ಅವನ ಮುಂದೆ ಎರಡು ಪ್ರಶ್ನೆ ಇದ್ದವು. ಈ ಕಾಗದ ಖರೆಯೋ ಸುಳ್ಳೋ ಅನ್ನುವುದು ಒಂದು. ಖಜಾನೆಗೆ ಸೀಲು ಹಾಕಿದರೆ ಈ ಜನ ಏನು ಮಾಡುತ್ತಾರೆ ಅನ್ನುವುದು ಎರಡನೆಯದು. ಮೊದಲನೆಯದು ಆಫೀಸಿನಲ್ಲಿ ಕೂತು ಬಿಡಿಸಬಹುದಾದ ಪ್ರಶ್ನೆ, ಹಾಗಾಗಿ ಅವನು ಅದನ್ನೇ ಬಿಡಿಸುತ್ತಾ ಕೂತ. ಎರಡನೆಯದಕ್ಕೆ ಉತ್ತರ ಗೊತ್ತೇ ಇದೆ ಅಂದುಕೊಂಡ: ರಾಜ ಹೋದ, ಉಳಿದವರು ಹೆಂಗಸರು ಮತ್ತು ನೌಕರರು, ಒಂದು ಗದರಿಕೆ ಸಾಕು. ಅಕ್ಟೋಬರ್ 23ರಂದು ಕೋಟೆಯ ಬಾಗಿಲು ಮುಚ್ಚಿತ್ತು. ತೋಪು ಹಚ್ಚಿ ಒಡೆಯುತ್ತೇನೆ ಅಂದ. ಬಾಗಿಲು ಒಳಗಿನಿಂದಲೇ ತೆಗೆಯಿತು, ಜನ ನುಗ್ಗಿ ಬಂದರು. ಥ್ಯಾಕರೆ ಅಲ್ಲೇ ಸತ್ತ. ಅವನ ಜೊತೆಗಿದ್ದ ಅಧಿಕಾರಿಗಳೂ ಸತ್ತರು. ಸ್ಟೀವನ್‌ಸನ್ ಮತ್ತು ವಾಲ್ಟರ್ ಎಲಿಯಟ್ ಅನ್ನುವ ಇಬ್ಬರು ಕಿರಿಯ ಅಧಿಕಾರಿಗಳು ಸೆರೆ ಸಿಕ್ಕರು.

ಈ ಎಲಿಯಟ್ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾರೆ. ಆಗ ಅವನಿಗೆ 21 ವರ್ಷ. ನಿನ್ನ ವಯಸ್ಸೇ. ಒಂದು ತಿಂಗಳಿಗೂ ಹೆಚ್ಚು ಕಿತ್ತೂರಿನ ಸೆರೆಯಲ್ಲಿದ್ದ. ಬಿಡುಗಡೆ ಆದ ಮೇಲೆ ಅವನು ಏನು ಮಾಡಿದ ಅಂತೀಯಾ? ನಮ್ಮ ಸೀಮೆಯ ಶಾಸನಗಳನ್ನು ಓದಿಸಿ, ಪ್ರತಿ ಮಾಡಿಸಿ, ರಾಶಿ ಹಾಕಿದ. ಚಾಲುಕ್ಯರ ಇತಿಹಾಸ ಬರೆಯುವವರಿಗೆ ಅವನ ಸಂಗ್ರಹ ದೊಡ್ಡ ಆಧಾರವಾಯಿತು. ಸೆರೆ ಹಿಡಿದವರ ಮೇಲೆ ಹಲ್ಲು ಕಡಿಯುವುದು ಬಿಟ್ಟು, ಅವರ ಕಲ್ಲಿನ ಮೇಲೆ ಏನು ಬರೆದಿದೆ ಅಂತ ನೋಡಲು ಹೋದ. ಈ ಗುಣ ಇರುವವನು ಒಳ್ಳೆಯ ವಿಶ್ಲೇಷಕ ಆಗುತ್ತಾನೆ ಅಂತ ನನಗೆ ಅನ್ನಿಸುತ್ತದೆ.

ಡಿಸೆಂಬರ್‌ನಲ್ಲಿ ದೊಡ್ಡ ಫೌಜು ಬಂತು, ಕಿತ್ತೂರು ಬಿತ್ತು. ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರ ಫೆಬ್ರವರಿಯಲ್ಲಿ ತೀರಿಕೊಂಡರು. ಈಗ ಬೈಲಹೊಂಗಲದಲ್ಲಿ ಸಮಾಧಿ ಇರುವುದು ಎಲ್ಲರಿಗೂ ಗೊತ್ತು.

ಇಲ್ಲಿಂದ 34 ವರ್ಷ ಮುಂದೆ ಬಾ. 1858. ನರಗುಂದದ ಬಾಬಾಸಾಹೇಬ, ಅಂದರೆ ಭಾಸ್ಕರರಾವ್ ಭಾವೆ. ಅವನಿಗೂ ಮಕ್ಕಳಿಲ್ಲ. ದತ್ತಕ ಕೇಳಿದ, ಸರ್ಕಾರ ಒಪ್ಪಲಿಲ್ಲ. ಅದೇ ಕಾಯಿಲೆ, ಅದೇ ಔಷಧಿ! ಅಷ್ಟರಲ್ಲಿ ಜನರ ಕೈಯಲ್ಲಿದ್ದ ಹತಾರ ಕಸಿಯುವ ಕಾನೂನು ಬಂತು. 1857ರ ನವೆಂಬರ್‌ನಲ್ಲಿ ಹಲಗಲಿಯ ಬೇಡರು ಅದಕ್ಕೆ ತಿರುಗಿ ಬಿದ್ದು ಸತ್ತರು. ಹಲಗಲಿ ರಾಮದುರ್ಗಕ್ಕೆ ದೂರವೇನಲ್ಲ. ಅಂದರೆ ನೆಲ ಬಿಸಿಯಾಗಿದೆ ಅಂತ ತಿಳಿಯಲು ಯಾವ ಗುಪ್ತಚರನೂ ಬೇಕಾಗಿರಲಿಲ್ಲ.

ಚಾರ್ಲ್ಸ್ ಮ್ಯಾನ್ಸನ್ ಅನ್ನುವವನು ಈ ಸೀಮೆಯ ಪೊಲಿಟಿಕಲ್ ಏಜೆಂಟ್. 1858ರ ಮೇ ಕೊನೆಯಲ್ಲಿ ರಾಮದುರ್ಗಕ್ಕೆ ಬಂದ. ರಾಮದುರ್ಗದ ಅರಸ ನರಗುಂದದ ಬಾಬಾಸಾಹೇಬನಿಗೆ ಮಲತಮ್ಮ. ಅವನೇ ಮ್ಯಾನ್ಸನ್‌ಗೆ ಹೇಳಿದ: ಸಾಹೇಬ್ರೆ, ನರಗುಂದದ ಕಡೆ ಹೋಗಬೇಡಿ, ಅಲ್ಲಿ ಪರಿಸ್ಥಿತಿ ಸರಿ ಇಲ್ಲ. ಬರೀ ಬಾಯಿಮಾತಲ್ಲ, ಬಂಡಾಯಕ್ಕೆ ಕರೆದು ಅಣ್ಣ ಬರೆದ ಕಾಗದವನ್ನೇ ತೋರಿಸಿದ. ಇದಕ್ಕಿಂತ ಒಳ್ಳೆಯ ಇಂಟೆಲಿಜೆನ್ಸ್ ಯಾವ ಏಜೆನ್ಸಿಗೆ ಸಿಗುತ್ತದೆ ಹೇಳಿ. ಮನೆಯೊಳಗಿನ ಮನುಷ್ಯ, ಕೈಬರಹದ ಸಾಕ್ಷಿ, ಘಟನೆಗಿಂತ ಮುಂಚೆ!

ಮ್ಯಾನ್ಸನ್ ಹೊರಟ. ಜೊತೆಗೆ ಇದ್ದದ್ದು ಬೆರಳೆಣಿಕೆಯ ಸವಾರರು. ರಾತ್ರಿ ಸುರೇಬಾನದಲ್ಲಿ ತಂಗಿದ. ಮೇ 29ರ ರಾತ್ರಿ ನರಗುಂದದವರು ಬಂದು ಕೊಂದರು. ಅವನ ತಲೆ ನರಗುಂದದ ಬಾಗಿಲಿಗೆ ತೂಗಿತು. ನಾಲ್ಕೇ ದಿನದಲ್ಲಿ ನರಗುಂದ ಬಿತ್ತು, ಜೂನ್ 12ಕ್ಕೆ ಬೆಳಗಾವಿಯಲ್ಲಿ ಬಾಬಾಸಾಹೇಬನನ್ನು ಗಲ್ಲಿಗೇರಿಸಿದರು.

ಯಾಕೆ ಹೊರಟ? ಮ್ಯಾನ್ಸನ್ ದಡ್ಡ ಅಲ್ಲ. ಬಾಬಾಸಾಹೇಬ ತನಗೆ ಪರಿಚಯದವನು, ಎದುರು ಕೂತು ಮಾತಾಡಿದರೆ ದಾರಿಗೆ ಬರುತ್ತಾನೆ ಅನ್ನುವ ನಂಬಿಕೆ ಇತ್ತು. ಅಣ್ಣತಮ್ಮಂದಿರ ಜಗಳ, ಹೊಟ್ಟೆಕಿಚ್ಚಿಗೆ ಹೇಳುತ್ತಿದ್ದಾನೆ ಅಂತಲೂ ಅನ್ನಿಸಿರಬಹುದು. ನಮ್ಮ ಕಡೆ ಹೊಲದ ಬದುವಿಗೆ ಕೋರ್ಟು ಹತ್ತುವ ಅಣ್ಣತಮ್ಮಂದಿರನ್ನು ನೋಡಿದವರಿಗೆ ಈ ಅನುಮಾನ ತಪ್ಪು ಅನ್ನಿಸುವುದಿಲ್ಲ. ಆದರೆ ಹೇಳಿದವನ ಮೇಲೆ ಅನುಮಾನ ಬಂದರೆ ಹೇಳಿದ್ದನ್ನು ಬೇರೆ ಕಡೆಯಿಂದ ತಾಳೆ ನೋಡಬೇಕು. ತಾಳೆ ನೋಡಲು ದತ್ತಕದ ಫೈಲು ಇತ್ತು, ಹಲಗಲಿ ಇತ್ತು, ಕಿತ್ತೂರಿನ ಹಳೇ ಕಥೆ ಇತ್ತು. ಎಲ್ಲವೂ ಒಂದೇ ದಿಕ್ಕಿಗೆ ಬೆರಳು ತೋರಿಸುತ್ತಿದ್ದವು.

ಹಾಗಾದರೆ ನಿನ್ನ ಪಟ್ಟಿಯ ಮೊದಲನೇ ಪುಸ್ತಕ: ಬಾಂಬೆ ಗೆಜೆಟಿಯರ್. ಬೆಳಗಾವಿ ಸಂಪುಟ ಮತ್ತು ಧಾರವಾಡ ಸಂಪುಟ, ಎರಡೂ 1884ರವು. ಬ್ರಿಟಿಷರು ತಮ್ಮ ಅನುಕೂಲಕ್ಕೆ ಬರೆಸಿದ್ದು, ಅವರ ದೃಷ್ಟಿಯೇ ಅದರಲ್ಲಿ ಇರುತ್ತದೆ. ಆದರೂ ಓದು. ಬೆಳೆ, ಸಂತೆ, ದಾರಿ, ಜಾತಿ, ಬರ, ಹಳೇ ಜಗಳ ಎಲ್ಲ ಒಂದೇ ಕಡೆ ಇದೆ. ಒಂದು ತಾಲ್ಲೂಕನ್ನು ಹೇಗೆ ನೋಡಬೇಕು ಅಂತ ಕಲಿಯಲು ಇದಕ್ಕಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಕೊಲ್ಲಾಪುರದ ಬಂಡಾಯ ಹತ್ತಿಕ್ಕಿದ ಜಾರ್ಜ್ ಲಿ ಗ್ರಾಂಡ್ ಜೇಕಬ್ 1871ರಲ್ಲಿ ತನ್ನ ನೆನಪುಗಳನ್ನು ಅಚ್ಚು ಹಾಕಿಸಿದ. ಅದೇ ಕಾಲ, ಇದೇ ಸೀಮೆ. ಅದನ್ನೂ ಪಕ್ಕಕ್ಕೆ ಇಟ್ಟುಕೋ.

ಅದರ ಎದುರಿಗೆ ಲಾವಣಿ ಓದು. ನಗಬೇಡ. ಫ್ಲೀಟ್ ಸಾಹೇಬ ನಮ್ಮ ಕಡೆ ಅಧಿಕಾರಿಯಾಗಿದ್ದವನು, ಶಾಸನ ಓದುವುದರಲ್ಲಿ ಪಂಟ. ಅವನು ಸಂಗೊಳ್ಳಿ ರಾಯಣ್ಣನ ಲಾವಣಿಯಂಥವನ್ನು ಹಾಡುವವರಿಂದ ಕೇಳಿ ಸಂಗ್ರಹಿಸಿ ‘ಇಂಡಿಯನ್ ಆಂಟಿಕ್ವರಿ’ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ. ಗಲ್ಲಿಗೆ ಹಾಕಿ ಐವತ್ತು ವರ್ಷವಾದ ಮೇಲೂ ಜನ ರಾಯಣ್ಣನನ್ನು ಹಾಡುತ್ತಿದ್ದರು! ಸರ್ಕಾರದ ಕಾಗದದಲ್ಲಿ ರಾಯಣ್ಣ ಒಬ್ಬ ದರೋಡೆಕೋರ. 1831ರ ಜನವರಿ 26ಕ್ಕೆ ನಂದಗಡದಲ್ಲಿ ಗಲ್ಲು, ಫೈಲ್ ಕ್ಲೋಸ್. ಲಾವಣಿಯಲ್ಲಿ ಆ ಫೈಲ್ ಕ್ಲೋಸ್ ಆಗಿಲ್ಲ. ಜನ ಯಾರನ್ನು ಹಾಡುತ್ತಾರೆ, ಯಾರನ್ನು ಬೈಯುತ್ತಾರೆ ಅನ್ನುವುದೂ ಮಾಹಿತಿಯೇ. ಇವತ್ತಿಗೂ ನಮ್ಮ ಕಡೆ ದ್ರೋಹಿ ಅನ್ನಲು ‘ಮಲ್ಲಪ್ಪಶೆಟ್ಟಿ’ ಅನ್ನುತ್ತೇವಲ್ಲ. ಮದ್ದಿನಲ್ಲಿ ಸಗಣಿ ಬೆರೆಸಿದ ಕಥೆ ಜನರ ಬಾಯಲ್ಲಿರುವ ಕಥೆ. ಅದನ್ನು ನಡೆದ ಘಟನೆ ಅಂತ ರಿಪೋರ್ಟ್ ಬರೆದರೆ ತಪ್ಪು. ಜನ ಹಾಗೆ ನಂಬುತ್ತಾರೆ ಅನ್ನುವುದನ್ನು ಬಿಟ್ಟು ರಿಪೋರ್ಟ್ ಬರೆದರೂ ತಪ್ಪು. ಕೇಂಬ್ರಿಜ್‌ನ ಇತಿಹಾಸಕಾರ ಸಿ.ಎ. ಬೇಲಿ 1996ರಲ್ಲಿ ‘ಎಂಪೈರ್ ಅಂಡ್ ಇನ್‌ಫರ್ಮೇಶನ್’ ಅಂತ ಒಂದು ಪುಸ್ತಕ ಬರೆದ. ಹಿಂದೂಸ್ತಾನದಲ್ಲಿ ಇಂಗ್ಲಿಷರು ಸುದ್ದಿ ಹೇಗೆ ಕೂಡಿಸುತ್ತಿದ್ದರು, ಎಲ್ಲಿ ಕುರುಡಾದರು ಅಂತ. ಹೆಚ್ಚಿನದು ಉತ್ತರ ಭಾರತದ ಕಥೆ. ಓದುವಾಗ ಮಾತ್ರ ಪ್ರತಿ ಅಧ್ಯಾಯಕ್ಕೂ ನನಗೆ ಸುರೇಬಾನ ನೆನಪಾಯಿತು.

ಇನ್ನು ಅರ್ಥಶಾಸ್ತ್ರ. ಇದು ನಮ್ಮ ಮೈಸೂರಿನಿಂದ ಜಗತ್ತಿಗೆ ಸಿಕ್ಕ ಪುಸ್ತಕ ಅನ್ನುವುದು ಎಷ್ಟು ಜನಕ್ಕೆ ಗೊತ್ತು? ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿದ್ದ ಆರ್. ಶಾಮಾಶಾಸ್ತ್ರಿಗಳು 1905ರಲ್ಲಿ ತಾಳೆಗರಿಯಲ್ಲಿ ಅದನ್ನು ಗುರುತಿಸಿದರು. 1909ರಲ್ಲಿ ಮೂಲ ಅಚ್ಚಾಯಿತು, 1915ರಲ್ಲಿ ಇಂಗ್ಲಿಷ್ ಅನುವಾದ ಬಂತು. ಎಲ್ಲ ಓದಲು ಪುರುಸೊತ್ತಿಲ್ಲದಿದ್ದರೆ ಮೊದಲನೇ ಅಧಿಕರಣದಲ್ಲಿ ಗೂಢಚಾರರ ಬಗ್ಗೆ ಇರುವಷ್ಟನ್ನಾದರೂ ಓದು. ಒಬ್ಬರಿಗೊಬ್ಬರು ಗೊತ್ತಿಲ್ಲದ ಮೂವರು ತಂದ ಸುದ್ದಿ ತಾಳೆಯಾದರೆ ನಂಬಬಹುದು ಅನ್ನುವ ತತ್ತ್ವ ಅಲ್ಲಿದೆ. ಇದರಲ್ಲಿ ‘ಮೂವರು’ ಅನ್ನುವುದಕ್ಕಿಂತ ‘ಒಬ್ಬರಿಗೊಬ್ಬರು ಗೊತ್ತಿಲ್ಲದ’ ಅನ್ನುವುದು ಮುಖ್ಯ.

ಇದು ನನಗೆ ಹೇಗೆ ಗೊತ್ತಾಯಿತು ಅಂತ ಹೇಳಬೇಕು. ಹೇಳಲು ನಾಚಿಕೆ.

2019ರ ಆಗಸ್ಟ್. ಮಲಪ್ರಭೆ ಉಕ್ಕಿ ಬಂದಿತ್ತು. ಮುನವಳ್ಳಿಗೆ ನೀರು, ರಾಮದುರ್ಗಕ್ಕೆ ನೀರು. ನಾನು ಆಗ ಬೇರೆ ಕಡೆ ಕೆಲಸ ಮಾಡುತ್ತಿದ್ದೆ, ರಾತ್ರಿ ಪಾಳಿಯ ಡೆಸ್ಕ್ ನನ್ನದು. ಒಂದು ವಿಡಿಯೊ ಬಂತು: ಅಣೆಕಟ್ಟಿನ ಗೋಡೆ, ಬಿರುಕು, ನೊರೆ ನೀರು. ‘ಡ್ಯಾಮ್ ಒಡೀತೈತಿ’ ಅಂತ ಒಬ್ಬನ ಕೂಗು. ನಾನೇನೂ ಕಣ್ಣು ಮುಚ್ಚಿ ಹಾಕಲಿಲ್ಲ. ಮೂರು ಕಡೆ ಫೋನ್ ಮಾಡಿದೆ. ಮೂವರೂ ‘ಹೌದು ಸರ್, ನಮಗೂ ಸುದ್ದಿ ಬಂದೈತಿ’ ಅಂದರು. ಮೂರು ಮೂಲ, ಕನ್ಫರ್ಮ್. ಟಿಕ್ಕರ್ ಹೋಯಿತು.

ಹನ್ನೊಂದು ನಿಮಿಷ ಓಡಿತು. ಆಮೇಲೆ ನಮ್ಮವ್ವ ಫೋನ್ ಮಾಡಿದಳು, ಬೈಲಹೊಂಗಲದ ಕಡೆಯ ನಮ್ಮ ಹಳ್ಳಿಯಿಂದ. ‘ತಮ್ಮಾ, ನಿಮ್ಮ ಟಿವಿಯಾಗ ಬರಾಕತ್ತೇತಿ. ಖರೇ ಏನೋ? ಹೊಳಿದಂಡಿ ನಿಮ್ಮ ಚಿಗವ್ವ ಎಮ್ಮಿ ಬಿಚ್ಚಿಕೊಂಡು ಕತ್ತಲಾಗ ಗುಡ್ಡಾ ಏರಾಕ ಹೊಂಟಾಳು’ ಅಂದಳು. ಆಗ ಕೈಕಾಲು ತಣ್ಣಗಾಯಿತು. ಮತ್ತೆ ಆ ಮೂವರಿಗೂ ಫೋನ್ ಹಚ್ಚಿ ಕೇಳಿದೆ: ನಿಮಗೆ ಯಾರು ಹೇಳಿದರು? ಮೂವರಿಗೂ ಬಂದದ್ದು ಅದೇ ವಿಡಿಯೊ. ಅದು ನಮ್ಮ ಜಿಲ್ಲೆಯದೂ ಅಲ್ಲ, ಆ ವರ್ಷದ್ದೂ ಅಲ್ಲ. ನನ್ನ ಹತ್ತಿರ ಇದ್ದದ್ದು ಒಂದೇ ಮೂಲ, ಅದು ಮೂರು ಬಾಯಿಂದ ಮಾತಾಡಿತ್ತು. ಟಿಕ್ಕರ್ ತೆಗೆಸಿದೆ. ಚಿಗವ್ವ ಗುಡ್ಡ ಏರುವಾಗ ಜಾರಿ ಬಿದ್ದು ಮುಂಗೈ ಮುರಿದುಕೊಂಡಳು. ಈಗಲೂ ಆ ಕೈಯಲ್ಲಿ ಹಾಲು ಹಿಂಡಲು ಆಗುವುದಿಲ್ಲ. ನನ್ನ ಮೇಲೆ ಅವಳಿಗೆ ಸಿಟ್ಟಿಲ್ಲ, ‘ನೀ ಛಲೋದಕ್ಕ ಹೇಳಿದ್ದಿ’ ಅನ್ನುತ್ತಾಳೆ. ಅದೇ ನನಗೆ ಹೆಚ್ಚು ಚುಚ್ಚುತ್ತದೆ.

ಆ ಘಟನೆ ಆದ ಮೇಲೆ ನಾನು ಈ ಪುಸ್ತಕಗಳ ಹಿಂದೆ ಬಿದ್ದೆ. ಎಲೆಕ್ಟ್ರಾನಿಕ್ಸ್ ಎಂಜಿನಿಯರಿಂಗ್ ಓದಿದವನು ನಾನು. ನಾಲ್ಕು ವರ್ಷ ಸಿಗ್ನಲ್, ನಾಯ್ಸ್ ಅಂತ ಲೆಕ್ಕ ಮಾಡಿ ಮರೆತಿದ್ದೆ. ರೊಬರ್ಟಾ ವೋಲ್‌ಸ್ಟೆಟರ್ ಅನ್ನುವ ಅಮೆರಿಕದ ಮಹಿಳೆ 1962ರಲ್ಲಿ ಪರ್ಲ್ ಹಾರ್ಬರ್ ಬಗ್ಗೆ ಬರೆದ ಪುಸ್ತಕದಲ್ಲಿ ಅವೇ ಎರಡು ಪದ ಎದುರಾದವು. ಜಪಾನಿನ ದಾಳಿಯ ಸುಳಿವು ಇರಲಿಲ್ಲ ಅಂತಲ್ಲ, ಸುಳಿವಿನ ಸುತ್ತ ಬೇರೆ ಗದ್ದಲ ಬೇಕಾದಷ್ಟಿತ್ತು. ಯಲ್ಲಮ್ಮನ ಗುಡ್ಡದ ಜಾತ್ರೆಯಲ್ಲಿ ಕಳೆದುಹೋದ ಮಗುವಿನ ಅಳು ಕೇಳಿಸಿದ ಹಾಗೆ. ಅಳು ಇರುತ್ತದೆ. ಜೊತೆಗೆ ಚೌಡಿಕೆ, ಮೈಕು, ಉಧೋ ಉಧೋ, ಟ್ರ್ಯಾಕ್ಟರ್ ಎಲ್ಲ ಇರುತ್ತದೆ.

ರಿಚರ್ಡ್ಸ್ ಹ್ಯೂಯರ್ ಅಂತ ಒಬ್ಬ, ಸಿಐಎಯಲ್ಲಿ ದುಡಿದವನು. 1999ರಲ್ಲಿ ಬಂದ ಅವನ ‘ಸೈಕಾಲಜಿ ಆಫ್ ಇಂಟೆಲಿಜೆನ್ಸ್ ಅನಾಲಿಸಿಸ್’ ಈ ಕೆಲಸದವರು ಎಲ್ಲರಿಗಿಂತ ಮೊದಲು ಹೇಳುವ ಪುಸ್ತಕ. ಅದರಲ್ಲಿ ಕುದುರೆ ರೇಸ್ ಪಂಡಿತರ ಮೇಲೆ ನಡೆದ ಒಂದು ಪ್ರಯೋಗದ ಪ್ರಸ್ತಾಪ ಇದೆ. ಅವರಿಗೆ ಮೊದಲು 5 ಮಾಹಿತಿ ಕೊಟ್ಟು ಯಾವ ಕುದುರೆ ಗೆಲ್ಲುತ್ತದೆ ಅಂತ ಕೇಳಿದರು. ಆಮೇಲೆ 10, ಆಮೇಲೆ 20, ಕೊನೆಗೆ 40. ಮಾಹಿತಿ ಹೆಚ್ಚಾದ ಹಾಗೆ ಅವರ ಊಹೆ ಸರಿಯಾಗುವುದು ಹೆಚ್ಚಾಗಲಿಲ್ಲ, ನಾನು ಸರಿ ಅನ್ನುವ ಧೈರ್ಯ ಮಾತ್ರ ಹೆಚ್ಚಾಯಿತು. ಇದನ್ನು ಓದಿ ನಾನು ನಮ್ಮ ಪ್ರೈಮ್ ಟೈಮ್ ಪ್ಯಾನೆಲ್ ಅನ್ನೇ ನೆನೆಸಿಕೊಂಡೆ. ಇನ್ನೊಂದು ಕೆಲಸ ಹ್ಯೂಯರ್ ಕಲಿಸುತ್ತಾನೆ: ನಿನಗೆ ಇಷ್ಟವಾದ ಉತ್ತರ ಒಂದನ್ನೇ ಹಿಡಿದು ಸಾಕ್ಷಿ ಹುಡುಕಬೇಡ. ಇರಬಹುದಾದ ಎಲ್ಲ ಉತ್ತರ ಸಾಲಾಗಿ ಬರೆ, ಪ್ರತಿ ಸಾಕ್ಷಿಯನ್ನೂ ಎಲ್ಲದರ ಎದುರಿಗೆ ಇಡು, ಯಾವುದು ಬಿದ್ದುಹೋಗುತ್ತದೆ ನೋಡು. ಮ್ಯಾನ್ಸನ್ ರಾಮದುರ್ಗದಲ್ಲಿ ಒಂದು ಕಾಗದ ತಗೊಂಡು ‘ಬಾಬಾಸಾಹೇಬ ಮಾತಿಗೆ ಬಗ್ಗುತ್ತಾನೆ’, ‘ಬಾಬಾಸಾಹೇಬ ತಿರುಗಿ ಬೀಳುತ್ತಾನೆ’ ಅಂತ ಎರಡು ಸಾಲು ಬರೆದಿದ್ದರೆ, ತಮ್ಮ ತಂದ ಪತ್ರವನ್ನು ಮೊದಲ ಸಾಲಿನ ಕೆಳಗೆ ಎಲ್ಲಿ ಇಡುತ್ತಿದ್ದ?

ಶೆರ್ಮನ್ ಕೆಂಟ್ ಬರೆದದ್ದನ್ನು ಕನ್ನಡದವರು ಅವಶ್ಯ ಓದಬೇಕು. 1951ರಲ್ಲಿ ಯುಗೊಸ್ಲಾವಿಯ ಮೇಲೆ ಸೋವಿಯತ್ ಕಡೆಯವರು ದಾಳಿ ಮಾಡುವ ‘ಗಂಭೀರ ಸಾಧ್ಯತೆ’ ಇದೆ ಅಂತ ಅವನ ತಂಡ ವರದಿ ಕೊಟ್ಟಿತು. ಗಂಭೀರ ಅಂದರೆ ಎಷ್ಟು ಅಂತ ಒಬ್ಬ ಅಧಿಕಾರಿ ಕೇಳಿದ. ಕೆಂಟ್ ತನ್ನ ತಂಡದವರನ್ನೇ ಕೇಳಿ ನೋಡಿದರೆ, ಒಬ್ಬ ನೂರಕ್ಕೆ 20 ಅಂದುಕೊಂಡಿದ್ದ, ಇನ್ನೊಬ್ಬ 80. ಎಲ್ಲರೂ ಒಂದೇ ವಾಕ್ಯಕ್ಕೆ ರುಜು ಹಾಕಿದ್ದರು! ಈಗ ನಮ್ಮ ಭಾಷೆ ನೋಡು. ‘ಆಗಬಹುದು’, ‘ಆದೀತು’, ‘ಆಗೋ ಹಂಗೈತಿ’, ‘ಆದರೂ ಆಗಬಹುದು’, ‘ಆಗದೇ ಏನು’. ಇದರಲ್ಲಿ ಯಾವುದು 20, ಯಾವುದು 80? ನಮ್ಮ ಅಜ್ಜಂದಿರಿಗೆ ಮಳೆಯ ವಿಷಯದಲ್ಲಿ ಇದು ಗೊತ್ತಿತ್ತು. ನಮ್ಮ ಚಾನೆಲ್‌ಗಳಿಗೆ ಗೊತ್ತಿಲ್ಲ, ನಾವು ಎಲ್ಲದಕ್ಕೂ ‘ಫಿಕ್ಸ್’ ಅನ್ನುತ್ತೇವೆ.

ನಮ್ಮ ದೇಶದ ಪುಸ್ತಕಗಳು ಕಡಿಮೆ, ಇರುವುದನ್ನು ಬಿಡಬೇಡ. ರಾ ಸಂಸ್ಥೆಯಲ್ಲಿದ್ದ ಬಿ. ರಾಮನ್ ಅವರ ‘ದಿ ಕಾವ್‌ಬಾಯ್ಸ್ ಆಫ್ ರಾ’ 2007ರದು, ಒಳಗಿನವರ ದನಿಯಲ್ಲಿದೆ. ಅದಕ್ಕಿಂತ ಮುಖ್ಯ, ಕೆ. ಸುಬ್ರಹ್ಮಣ್ಯಂ ಅಧ್ಯಕ್ಷತೆಯ ಕಾರ್ಗಿಲ್ ಪರಿಶೀಲನಾ ಸಮಿತಿಯ ವರದಿ. 1999ರ ಜುಲೈನಲ್ಲಿ ಸಮಿತಿ ಆಯಿತು, 2000ದ ಫೆಬ್ರವರಿಯಲ್ಲಿ ವರದಿ ಸಂಸತ್ತಿನ ಮುಂದೆ ಬಂತು. ಕೆಲವು ಭಾಗ ಮುಚ್ಚಿಟ್ಟಿದ್ದಾರೆ, ಅದು ಬೇರೆ ಮಾತು. ಕಾರ್ಗಿಲ್‌ನಲ್ಲಿ ನುಸುಳುಕೋರರ ಸುದ್ದಿಯನ್ನು ಮೇ ಮೊದಲ ವಾರ ಸೇನೆಗೆ ಮುಟ್ಟಿಸಿದವರು ಕುರಿಗಾಹಿಗಳು. ಬೇರೆ ಬೇರೆ ಸಂಸ್ಥೆಗಳ ಹತ್ತಿರ ಚೂರುಚೂರು ಸುಳಿವು ಮೊದಲೇ ಇದ್ದವು, ಕೂಡಿಸಿ ನೋಡಿದವರು ಇರಲಿಲ್ಲ. ನಮ್ಮ ತಾಲ್ಲೂಕುಗಳ ಎಷ್ಟೋ ಮನೆಯ ಹುಡುಗರು ಮಿಲಿಟರಿಯಲ್ಲಿದ್ದಾರೆ, ಬೆಳಗಾವಿಯ ಮರಾಠಾ ಲೈಟ್ ಇನ್‌ಫೆಂಟ್ರಿಯ ಗೇಟು ನೋಡಿ ಬೆಳೆದವರು. ಟೇಬಲ್ಲಿನ ಮೇಲೆ ಒಂದು ಕಾಗದ ಇನ್ನೊಂದು ಕಾಗದದ ಪಕ್ಕ ಬರದೆ ಹೋದರೆ ಗುಡ್ಡ ಏರುವವರು ಅವರು.

ಇಷ್ಟನ್ನೂ ಆ ಹುಡುಗನಿಗೆ ವಾಯ್ಸ್ ಮೆಸೇಜ್ ಮಾಡಿ ಕಳಿಸಿದ್ದೆ. ನಾಲ್ಕು ದಿನ ಬಿಟ್ಟು ಉತ್ತರ ಬಂತು. ‘ಅಣ್ಣಾರ, ಸುರೇಬಾನದಾಗ ನಮ್ಮತ್ತಿ ಮನಿ ಐತ್ರಿ. ಮೊನ್ನೆ ಹೋಗಿದ್ದೆ. ಆ ಸಾಹೇಬನ್ನ ಕೊಂದ ಜಾಗಾ ಯಾವುದು ಅಂತ ಕೇಳಿದೆ. ಒಬ್ಬ ಅಜ್ಜ ಒಂದ್ ಕಡೆ ತೋರಿಸಿದ, ಇನ್ನೊಬ್ಬ ಅಜ್ಜ ಇನ್ನೊಂದ್ ಕಡೆ ತೋರಿಸಿದ. ಇಬ್ಬರದೂ ಬರಕೊಂಡೀನ್ರಿ. ಅವರಿಗೆ ಯಾರು ಹೇಳಿದ್ರು ಅಂತ ಕೇಳೂದು ಮರತೆ. ಬರೂ ಐತವಾರ ಮತ್ತ ಹೊಕ್ಕೀನಿ.’